ಪ್ಯಾಕೆಟ್ ತಿಂಡಿಯೋ, ಹುರಿಹಿಟ್ಟೋ?

ಬೆಳಗ್ಗೆ ಆರು ಗಂಟೆ. ಬನಶಂಕರಿ ಬಸ್ ನಿಲ್ದಾಣದಲ್ಲಿ ಆಗಲೇ ಜನ. ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಲೇಔಟಿನ ಮನೆಗಳಿಗೆ ಕೆಲಸಕ್ಕೆ ಹೋಗುವ ಹೆಂಗಸರು. ಗಾರ್ಮೆಂಟ್ಸಿಗೆ ಹೋಗುವವರು. ಹೂವು ಮಾರುವವರು. ಇವರಲ್ಲಿ ಎಷ್ಟೋ ಜನ ಬರೀ ಒಂದು ಲೋಟ ಟೀ ಕುಡಿದು ಹೊರಟವರು.

"ತಿಂಡಿ ಮಾಡೋಕೆ ಹೊತ್ತೆಲ್ಲಿದೆ ಅಕ್ಕ?" ಅಂತೀರಿ. ನಿಜ. ನೀರು ಹಿಡಿಯಬೇಕು. ಮಕ್ಕಳನ್ನು ಎಬ್ಬಿಸಬೇಕು. ಬಸ್ಸು ಕಾಯುವುದಿಲ್ಲ.

ಈ ಕಷ್ಟ ಪ್ಯಾಕೆಟ್ ತಿಂಡಿ ಮಾಡುವ ಕಂಪನಿಗಳಿಗೂ ಗೊತ್ತು. ಅದಕ್ಕೇ ಕಾರ್ನ್‌ಫ್ಲೇಕ್ಸ್ ಬಂತು. ಕಾರ್ನ್ ಅಂದರೆ ನಮ್ಮ ಮುಸುಕಿನ ಜೋಳ. ಬೇಯಿಸುವ ಕೆಲಸವಿಲ್ಲ. ಬಟ್ಟಲಿಗೆ ಹಾಕು, ಹಾಲು ಸುರಿ, ತಿನ್ನು. ಕೆಲಸದ ಮನೆಯಲ್ಲಿ ಅದನ್ನು ನೋಡುತ್ತೀರಿ. ಮಕ್ಕಳು ಟಿ.ವಿ.ಯಲ್ಲಿ ನೋಡುತ್ತಾರೆ. "ಅಮ್ಮಾ, ನಂಗೂ ಅದೇ ಬೇಕು" ಅಂತಾರೆ.

ಆದರೆ ಬೇಯಿಸದೆ ತಿನ್ನುವ ತಿಂಡಿ ನಮ್ಮಲ್ಲಿ ಮೊದಲೇ ಇತ್ತಲ್ಲ! ರಾಗಿ ಹುರಿಹಿಟ್ಟು. ಅದಕ್ಕೂ ಒಲೆ ಬೇಡ. ಹಾಲು, ಬೆಲ್ಲ ಹಾಕಿ ಕಲಸಿದರೆ ಆಯಿತು. ಹಾಲು ಇಲ್ಲವೇ? ಮಜ್ಜಿಗೆ, ಉಪ್ಪು ಸಾಕು.

ಈಗ ಒಂದು ಲೆಕ್ಕ ಮಾಡೋಣ. ನೀವು ಕಲಿತ ಲೆಕ್ಕವೇ. 300 ಗ್ರಾಂ ಪ್ಯಾಕೆಟ್ಟಿಗೆ 120 ರೂಪಾಯಿ ಎಂದಿಟ್ಟುಕೊಳ್ಳಿ. ಒಬ್ಬರಿಗೆ ಒಂದು ಸಲಕ್ಕೆ 30 ಗ್ರಾಂ. ಆಗ ಪ್ಯಾಕೆಟ್ಟು 10 ಬಟ್ಟಲಿಗೆ ಬರುತ್ತದೆ. ಒಂದು ಬಟ್ಟಲಿಗೆ 12 ರೂಪಾಯಿ. ಮನೆಯಲ್ಲಿ ನಾಲ್ಕು ಜನ ಇದ್ದರೆ ದಿನಕ್ಕೆ 48 ರೂಪಾಯಿ. ತಿಂಗಳಿಗೆ 1,440 ರೂಪಾಯಿ! ಹಾಲಿನ ದುಡ್ಡು ಬೇರೆ.

ರಾಗಿ ಕಿಲೋಗೆ 50 ರೂಪಾಯಿ ಎಂದಿಟ್ಟುಕೊಳ್ಳಿ. 30 ಗ್ರಾಂ ರಾಗಿಗೆ ಒಂದೂವರೆ ರೂಪಾಯಿ. ಹುರಿಗಡಲೆ, ಬೆಲ್ಲ, ಮಿಷನ್ ಖರ್ಚು ಸೇರಿದರೂ ಪ್ಯಾಕೆಟ್ಟಿನ ಅರ್ಧ ಬೆಲೆಯೂ ಆಗದು. ಕಾಂಡಿಮೆಂಟ್ಸ್ ಅಂಗಡಿಯ ಸಿದ್ಧ ಹುರಿಹಿಟ್ಟಿಗೆ ಬೆಲೆ ಹೆಚ್ಚು. "ಅಣ್ಣಾ, ಕಾಲು ಕಿಲೋ ಎಷ್ಟು?" ಅಂತ ಕೇಳಿ. ನಿಮ್ಮ ಅಂಗಡಿಯ ಬೆಲೆ ಹಾಕಿ ನೀವೇ ಲೆಕ್ಕ ಬರೆದು ನೋಡಿ.

ಪ್ಯಾಕೆಟ್ಟು ತರಲೇಬಾರದು ಎಂದಲ್ಲ. ಕೆಲವು ಪ್ಯಾಕೆಟ್ಟಿನಲ್ಲಿ ಕಬ್ಬಿಣದ ಅಂಶ, ವಿಟಮಿನ್ ಸೇರಿಸಿರುತ್ತಾರೆ. ಅದು ಸುಳ್ಳಲ್ಲ. ಸಕ್ಕರೆ ಹಾಕದ ಓಟ್ಸ್ ಕೂಡ ಒಳ್ಳೆಯದೇ. ಆದರೆ ಮುಂದಿನ ಚಿತ್ರ ನೋಡಿ ಕೊಳ್ಳಬೇಡಿ. ಹಿಂದೆ ತಿರುಗಿಸಿ. ಅಲ್ಲಿ ಏನೇನು ಹಾಕಿದ್ದಾರೆ ಎಂದು ಬರೆದಿರುತ್ತದೆ. ಯಾವುದು ಹೆಚ್ಚು ಇದೆಯೋ ಅದರ ಹೆಸರು ಮೊದಲು. ಇದು ಕಾನೂನು. ಬರಹ ಇಂಗ್ಲಿಷಿನಲ್ಲಿದ್ದರೆ ಶಾಲೆಗೆ ಹೋಗುವ ಮಗಳಿಂದ ಮೊದಲ ಮೂರು ಹೆಸರು ಓದಿಸಿ. ಅದರಲ್ಲಿ ಸಕ್ಕರೆ ಬಂದರೆ ಯೋಚನೆ ಮಾಡಿ. 100 ಗ್ರಾಮಿನಲ್ಲಿ ಸಕ್ಕರೆ ಎಷ್ಟು ಎಂಬ ಅಂಕಿಯೂ ಇರುತ್ತದೆ. ಅಂಕಿ ಓದಲು ನಿಮಗೆ ಬರುತ್ತದೆ. ಅಲ್ಲಿ 30 ಎಂದು ಇದ್ದರೆ ಏನರ್ಥ? ಮೂರು ಚಮಚ ತಿಂಡಿಯಲ್ಲಿ ಹತ್ತಿರಹತ್ತಿರ ಒಂದು ಚಮಚ ಸಕ್ಕರೆ. ಮಕ್ಕಳಿಗೆಂದು ಮಾಡುವ ಚಾಕೊಲೇಟ್ ಬಣ್ಣದ ತಿಂಡಿಗಳಲ್ಲೇ ಇದು ಜಾಸ್ತಿ.

ರಾಗಿಯಲ್ಲಿ ಏನಿದೆ? ಮೂಳೆ, ಹಲ್ಲು ಗಟ್ಟಿ ಮಾಡುವ ಸುಣ್ಣದ ಅಂಶ ಇದೆ. 100 ಗ್ರಾಂ ರಾಗಿಯಲ್ಲಿ ಇದು ಸುಮಾರು 350 ಮಿಲಿಗ್ರಾಂ. ಅಷ್ಟೇ ಬಿಳಿ ಅಕ್ಕಿಯಲ್ಲಿ ಸುಮಾರು 10 ಮಾತ್ರ. ರಾಗಿಯಲ್ಲಿ ನಾರು ಇದೆ. ಆದ್ದರಿಂದ ಬೇಗ ಹಸಿವಾಗುವುದಿಲ್ಲ.

"ರಾಗಿ ಬಡವರ ಊಟ" ಎಂದು ಮೂಗು ಮುರಿಯುವವರು ಹಿಂದೆಯೂ ಇದ್ದರು. ಕನಕದಾಸರು 'ರಾಮಧಾನ್ಯ ಚರಿತೆ' ಬರೆದದ್ದು ಇದೇ ಜಗಳದ ಮೇಲೆ. ಭತ್ತ ಹೆಚ್ಚೋ, ರಾಗಿ ಹೆಚ್ಚೋ? ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ. ಭತ್ತ ಸೊರಗಿತು. ರಾಗಿ ಗಟ್ಟಿಯಾಗಿಯೇ ಇತ್ತು. ಗೆದ್ದದ್ದು ರಾಗಿ. ಈಗ ನೋಡಿ, 2024ರ ಫೆಬ್ರವರಿಯಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡಲು ಶುರು ಮಾಡಿದರು. ದೊಡ್ಡ ಅಂಗಡಿಗಳಲ್ಲಿ ಅದೇ ರಾಗಿ ಬಣ್ಣದ ಡಬ್ಬಿಯಲ್ಲಿ ಕೂತಿದೆ, ದುಬಾರಿ ಬೆಲೆಗೆ!

ಇನ್ನೊಂದು ಮಾತು. ಹೆಂಗಸರೇ ಕೇಳಬೇಕಾದ ಮಾತು. 2019-21ರಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ರಕ್ತಹೀನತೆ ಇತ್ತು. ಸುಸ್ತು, ತಲೆಸುತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ರಾಗಿಯಲ್ಲಿ ಕಬ್ಬಿಣದ ಅಂಶವೂ ಇದೆ. ಆದರೆ ತಿಂಡಿಯ ಜೊತೆಗೇ ಟೀ ಕುಡಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಟೀ ಒಂದು ಗಂಟೆ ತಡವಾಗಲಿ. ನಿಂಬೆಹಣ್ಣು, ಸೀಬೆಹಣ್ಣು ತಿಂದರೆ ಚೆನ್ನಾಗಿ ಹತ್ತುತ್ತದೆ. ರಕ್ತ ತೀರಾ ಕಡಿಮೆ ಇದ್ದರೆ ರಾಗಿಯೊಂದೇ ಸಾಲದು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಅವರು ಕೊಡುವ ಮಾತ್ರೆ ನುಂಗಿ.

ಹುರಿಹಿಟ್ಟು ಮಾಡುವುದು ಹೀಗೆ. ಭಾನುವಾರ ಒಂದು ದಿನ ಮಾಡಿಟ್ಟರೆ ಬಹಳ ದಿನ ಬರುತ್ತದೆ. ಒಂದು ಕಿಲೋ ರಾಗಿಯಲ್ಲಿ ಕಲ್ಲು, ಮಣ್ಣು ಆರಿಸಿ. ಹಿಂದಿನ ರಾತ್ರಿ ನೀರು ಚಿಮುಕಿಸಿ ಕೈಯಾಡಿಸಿ. ಬಟ್ಟೆಯಲ್ಲಿ ಕಟ್ಟಿಡಿ. ಬೆಳಗ್ಗೆ ಬಾಣಲೆ ಚೆನ್ನಾಗಿ ಕಾಯಲಿ. ಒಂದೊಂದೇ ಹಿಡಿ ಹಾಕಿ ಹುರಿಯಿರಿ. ಚಟಪಟ ಸಿಡಿದು ಬೆಳ್ಳಗೆ ಅರಳುತ್ತದೆ. ಒಮ್ಮೆಗೇ ಜಾಸ್ತಿ ಹಾಕಿದರೆ ಅರಳದೆ ಸೀಯುತ್ತದೆ. ಆಮೇಲೆ ಕಾಲು ಕಿಲೋ ಹುರಿಗಡಲೆ, ನಾಲ್ಕು ಏಲಕ್ಕಿ ಸೇರಿಸಿ ಮಿಷನ್ನಿಗೆ ಕೊಡಿ. ಕೊಡುವ ಮುಂಚೆ ಒಂದು ಮಾತು ಕೇಳಿಕೊಳ್ಳಿ: "ಅಣ್ಣಾ, ಈಗ ತಾನೇ ಮೆಣಸಿನಕಾಯಿ ಹಾಕಿದ್ರಾ?" ಹೌದು ಎಂದರೆ ಬೇರೆಯವರ ರಾಗಿ ಬೀಸುವವರೆಗೆ ಕಾಯಿರಿ. ಇಲ್ಲದಿದ್ದರೆ ಮಕ್ಕಳು ಬಾಯಿಗಿಡುವುದಿಲ್ಲ.

ಹಿಟ್ಟು ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಒಳಗೆ ಒಣ ಚಮಚವನ್ನೇ ಹಾಕಿ.