ಹುಬ್ಬಳ್ಳಿಗೆ ಹತ್ತಿರದಲ್ಲಿ ಹಸಿರು ದ್ವೀಪ ಯಾವುದಿದೆ?

ಹುಬ್ಬಳ್ಳಿ-ಧಾರವಾಡದವರ ಕೈಗೆಟಕುವ ಹಸಿರು ದ್ವೀಪವೆಂದರೆ ಕಾರವಾರದ ಕೂರ್ಮಗಡ. ಯಲ್ಲಾಪುರ, ಅಂಕೋಲಾ ದಾಟಿ ಕಾರವಾರಕ್ಕೆ ಸುಮಾರು 165 ಕಿ.ಮೀ.; ಮುಂದಿನದು ದೋಣಿಯ ದಾರಿ. ಕಾಳಿ ನದಿಯ ಅಳಿವೆಯಾಚೆ ಆಮೆಯ ಬೆನ್ನಿನಂತೆ ಉಬ್ಬಿದ ಈ ಗುಡ್ಡದ ಮೇಲೆ ದಟ್ಟ ಮರಗಳು, ನರಸಿಂಹನ ಗುಡಿ. ಬುಡದಲ್ಲಿ ಬಂಡೆಗಳ ನಡುವೆ ಪುಟ್ಟ ಮರಳ ದಂಡೆ. ಪುಷ್ಯ ಹುಣ್ಣಿಮೆಯ ಸುಮಾರಿಗೆ ಜಾತ್ರೆ. ಏಕಾಂತ ಬೇಕಾದವರು ಆ ದಿನ ಬಿಡುವುದೇ ಲೇಸು. 2019ರ ಜನವರಿಯಲ್ಲಿ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಅಳಿವೆಯಲ್ಲಿ ನದಿಯ ಸೆಳೆತಕ್ಕೆ ಎದುರಾಗಿ ಅಲೆಗಳು ಏಳುವುದರಿಂದ ತುಂಬಿದ ದೋಣಿ ಬೇಗ ಹೊಯ್ದಾಡುತ್ತದೆ. ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬಾರದು, ಮಳೆಗಾಲದಲ್ಲಂತೂ ಹೋಗಲೇಬಾರದು. ಕಾರವಾರದ ಇನ್ನೊಂದು ದ್ವೀಪ ಅಂಜುದೀವ್ ಆಡಳಿತದಲ್ಲಿ ಗೋವಾಕ್ಕೆ ಸೇರಿದ್ದು. ನೌಕಾಪಡೆಯ ವಶದಲ್ಲಿರುವುದರಿಂದ ಅಲ್ಲಿಗೆ ಪ್ರವಾಸಿಗರನ್ನು ಬಿಡುವುದಿಲ್ಲ.