ಮೌಂಟ್ ವರ್ನನ್ ಬಿಟ್ಟು ನಡೆದವರು

ತಪ್ಪು ಕಲ್ಪನೆ: ಜಾರ್ಜ್ ವಾಷಿಂಗ್ಟನ್ ಒಳ್ಳೆಯ ಧಣಿ, ಅವನ ಮನೆಯ ಗುಲಾಮರಿಗೆ ಓಡಿಹೋಗುವ ಮನಸ್ಸೇ ಇರಲಿಲ್ಲ.

ಸತ್ಯ: 1781ರ ಏಪ್ರಿಲ್‌ನಲ್ಲಿ ಬ್ರಿಟಿಷರ ಯುದ್ಧನೌಕೆ ‘ಸ್ಯಾವೇಜ್’ ವರ್ಜೀನಿಯದ ಪೊಟೊಮ್ಯಾಕ್ ನದಿಯಲ್ಲಿ, ಮೌಂಟ್ ವರ್ನನ್ ತೋಟದ ಎದುರಿಗೇ ಲಂಗರು ಹಾಕಿತು. ವಾಷಿಂಗ್ಟನ್ ಆಗ ಅಮೆರಿಕದ ಸ್ವಾತಂತ್ರ್ಯ ಸಮರದ ಸೇನಾಪತಿ, ದೂರದ ರಣರಂಗದಲ್ಲಿದ್ದ. ಅವನ 17 ಗುಲಾಮರು ಆ ಹಡಗು ಸೇರಿದರು. ಆಸ್ತಿಯ ಕಾರುಬಾರು ನೋಡಿಕೊಳ್ಳುತ್ತಿದ್ದ ಸಂಬಂಧಿ ಲಂಡ್ ವಾಷಿಂಗ್ಟನ್ ಬರೆದಿಟ್ಟ ಪಟ್ಟಿ ಇಂದಿಗೂ ಉಳಿದಿದೆ. ಅದರಲ್ಲಿ ಕೆಲಸಗಾರರ ಮೇಲ್ವಿಚಾರಕ ಫ್ರೆಡರಿಕ್, ಇಟ್ಟಿಗೆ ಮಾಡುವ ಗನ್ನರ್, ಪೀಪಾಯಿ ಮಾಡುವ ಸ್ಟೀಫನ್, ನೇಕಾರ ವಾಟಿ, ಮೂವರು ಮುದುಕರು, 16ರ ಹುಡುಗಿ ಡೆಬೊರಾ ಇದ್ದಾರೆ. ಧಣಿಯ ನಂಬಿಕೆ ಗಳಿಸಿದ ಕುಶಲಕರ್ಮಿಗಳೂ ಹೊರಟವರಲ್ಲಿದ್ದರು ಎಂಬುದನ್ನು ಗಮನಿಸಬೇಕು. ಅವರನ್ನು ಮರಳಿ ಪಡೆಯುವ ಆಸೆಯಿಂದ ಲಂಡ್ ಶತ್ರುವಿನ ಹಡಗಿಗೆ ಆಹಾರ ಒಯ್ದ. ಆಗ ಒಬ್ಬರೂ ಸಿಗಲಿಲ್ಲ. ಮನೆ ಸುಟ್ಟುಹೋಗಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ, ಶತ್ರುವಿಗೆ ಉಪಚಾರ ಮಾಡಿದೆಯಲ್ಲ ಎಂದು ಸೇನಾಪತಿ ಅವನನ್ನು ಪತ್ರದಲ್ಲೇ ತರಾಟೆಗೆ ತೆಗೆದುಕೊಂಡ.

ವಾಷಿಂಗ್ಟನ್ 1799ರ ತನ್ನ ಉಯಿಲಿನಲ್ಲಿ ಗುಲಾಮರಿಗೆ ಬಿಡುಗಡೆ ಬರೆದದ್ದು ನಿಜ. ಆದರೆ ಹಡಗು ಹತ್ತಿದವರು ಅದಕ್ಕಾಗಿ ಹದಿನೆಂಟು ವರ್ಷ ಕಾಯಬೇಕಿತ್ತೇ?

ತಪ್ಪು ಕಲ್ಪನೆ: ಬ್ರಿಟಿಷರು ದಯೆಯಿಂದ ಅವರನ್ನು ಬಿಡಿಸಿದರು.

ಸತ್ಯ: ವರ್ಜೀನಿಯದ ಗವರ್ನರ್ ಲಾರ್ಡ್ ಡನ್‌ಮೋರ್ 1775ರ ನವೆಂಬರ್‌ನಲ್ಲಿ ಬಿಡುಗಡೆ ಘೋಷಿಸಿದ್ದು ದಂಗೆಕೋರರ ಗುಲಾಮರಿಗೆ ಮಾತ್ರ, ಅದೂ ಶಸ್ತ್ರ ಹಿಡಿಯಬಲ್ಲವರಿಗೆ. ಅವನೂ ಗುಲಾಮರ ಒಡೆಯನೇ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಮುತ್ತಿಗೆಗೆ ಸಿಕ್ಕ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್‌ನ ಸೇನೆ, ತನ್ನನ್ನು ನಂಬಿ ಬಂದ ಕಪ್ಪು ಜನರನ್ನು ಸಿಡುಬು, ಹಸಿವುಗಳ ನಡುವೆ ಶಿಬಿರದಿಂದ ಹೊರಗಟ್ಟಿತು. ಹನ್ನೊಂದು ವರ್ಷದ ನಂತರ ಶ್ರೀರಂಗಪಟ್ಟಣದ ಮುಂದೆ ಬಂದು ನಿಂತು ಟಿಪ್ಪುವಿನ ಮಕ್ಕಳನ್ನು ಒತ್ತೆಯಿರಿಸಿಕೊಂಡವನೂ ಇದೇ ಕಾರ್ನ್‌ವಾಲಿಸ್. ‘ಸ್ಯಾವೇಜ್’ ಹತ್ತಿದ ಆ 17 ಮಂದಿಯಲ್ಲಿ ಲೂಸಿ, ಎಸ್ತರ್ ಸೇರಿ 7 ಜನ ಮತ್ತೆ ವಾಷಿಂಗ್ಟನ್ ಕೈಗೆ ಸಿಕ್ಕಿಬಿದ್ದರು. ಓಡುವುದೆಂದರೆ ಇಷ್ಟು ದೊಡ್ಡ ಅಪಾಯ. ಅದು ಗೊತ್ತಿದ್ದೂ ಹೊರಟವರ ಧೈರ್ಯವನ್ನು ಯಾವ ದೊರೆಯ ಔದಾರ್ಯದ ಲೆಕ್ಕಕ್ಕೂ ಬರೆಯಲಾಗದು.

ತಪ್ಪು ಕಲ್ಪನೆ: ಯುದ್ಧ ಮುಗಿದ ಮೇಲೆ ಅವರ ಕಥೆಯೂ ಮುಗಿಯಿತು.

ಸತ್ಯ: 1783ರ ಮೇ ತಿಂಗಳಲ್ಲಿ ವಾಷಿಂಗ್ಟನ್ ಬ್ರಿಟಿಷ್ ದಂಡನಾಯಕ ಗೈ ಕಾರ್ಲ್‌ಟನ್‌ನನ್ನು ಭೇಟಿಯಾಗಿ ಗುಲಾಮರನ್ನು ಹಿಂದಿರುಗಿಸಲು ಕೇಳಿದ. ಅವರಿಗೆ ಕೊಟ್ಟ ಬಿಡುಗಡೆಯ ಮಾತು ಮುರಿಯಲಾರೆ ಎಂದು ಕಾರ್ಲ್‌ಟನ್ ಒಪ್ಪಲಿಲ್ಲ. ನ್ಯೂಯಾರ್ಕ್ ಬಿಟ್ಟು ಹೊರಟ ಸುಮಾರು 3,000 ಕಪ್ಪು ಜನರ ವಿವರವನ್ನು ದಫ್ತರದಲ್ಲಿ ಬರೆಸಿದ. ಡೆಬೊರಾಳ ಹೆಸರು ಅದರಲ್ಲಿದೆ. ಮೌಂಟ್ ವರ್ನನ್‌ನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ, ಆಫ್ರಿಕದಲ್ಲಿ ಹುಟ್ಟಿದ ಹ್ಯಾರಿ ವಾಷಿಂಗ್ಟನ್‌ನದೂ ಇದೆ.

ಹ್ಯಾರಿ ಇಂದಿನ ಕೆನಡಾದ ನೋವಾಸ್ಕೋಷಿಯ ತಲುಪಿದ. 1792ರಲ್ಲಿ ಅಲ್ಲಿಂದ ಸುಮಾರು 1,200 ಮಂದಿಯೊಂದಿಗೆ ಅಟ್ಲಾಂಟಿಕ್ ದಾಟಿ ಸಿಯೆರಾ ಲಿಯೋನ್‌ನ ಫ್ರೀಟೌನ್‌ನಲ್ಲಿ ನೆಲೆಸಿದ. ತಾವು ಉಳುವ ಭೂಮಿಗೆ ಆ ವಸಾಹತು ನಡೆಸುತ್ತಿದ್ದ ಬ್ರಿಟಿಷ್ ಕಂಪನಿ ಕಂದಾಯ ಹೇರಿದಾಗ, 1800ರಲ್ಲಿ, ಸುಮಾರು ಅರವತ್ತರ ಪ್ರಾಯದ ಹ್ಯಾರಿ ದಂಗೆಯೆದ್ದವರ ಜೊತೆ ನಿಂತ. ದಂಗೆ ಸೋತಿತು. ಅವನನ್ನು ನದಿಯಾಚೆಯ ಬುಲ್ಲೋಮ್ ತೀರಕ್ಕೆ ಗಡೀಪಾರು ಮಾಡಿದರು.