ಕಾಲೇಜು ಎಷ್ಟು ನಿಮಿಷ ದೂರ?

‘ಕಾಲೇಜು ಮನೆಯಿಂದ ಮೂರೇ ಕಿಲೋಮೀಟರ್’ ಎಂದು ನೆಮ್ಮದಿಯಿಂದ ಶುಲ್ಕ ಕಟ್ಟಿಬಿಡುತ್ತೇವೆ. ನಡುವೆ ರೈಲುಹಳಿಯೋ ಕೆರೆಯೋ ಅಡ್ಡವಿದ್ದರೆ, ಬಸ್ಸಿಗೆ ಅರ್ಧ ಗಂಟೆ ಕಾಯಬೇಕಾದರೆ? ಆ ಮೂರು ಕಿಲೋಮೀಟರ್ ಮಕ್ಕಳ ಓದಿನ ಹೊತ್ತನ್ನೇ ನುಂಗುತ್ತದೆ.

ದೂರವನ್ನು ಹೊತ್ತಿನಿಂದ ಅಳೆಯುವ ನಕ್ಷೆ ಹೊಸದೇನಲ್ಲ. ಲಂಡನ್ನಿನಿಂದ ಹೊರಟವರು ಎಷ್ಟು ದಿನಗಳಲ್ಲಿ ಎಲ್ಲಿಗೆ ತಲುಪಬಹುದೆಂದು ಬಣ್ಣಗಳಲ್ಲಿ ತೋರಿಸುವ ಭೂಪಟವನ್ನು ಫ್ರಾನ್ಸಿಸ್ ಗಾಲ್ಟನ್ 1881ರಲ್ಲೇ ಪ್ರಕಟಿಸಿದ್ದರು. ಇಂದು ಆ ಕೆಲಸ ಜಿಐಎಸ್ ತಂತ್ರಾಂಶದ್ದು. ಕ್ಯೂಜಿಐಎಸ್‌ನಂಥದ್ದು ಉಚಿತವಾಗಿಯೇ ಸಿಗುತ್ತದೆ.

ರಸ್ತೆಗಳ ಜಾಲ, ಬಸ್ ನಿಲ್ದಾಣ, ವೇಳಾಪಟ್ಟಿಗಳನ್ನು ಅದಕ್ಕೆ ಒದಗಿಸಬೇಕು. ಗಂಟೆಗೆ 5 ಕಿ.ಮೀ. ನಡಿಗೆಯಾದರೆ 15 ನಿಮಿಷಕ್ಕೆ ಒಂದೂಕಾಲು ಕಿ.ಮೀ. ನಡಿಗೆ, ಕಾಯುವಿಕೆ, ಪ್ರಯಾಣ, ಇಳಿದ ಮೇಲೆ ಮತ್ತೆ ನಡಿಗೆ - ಎಲ್ಲವನ್ನೂ ಕೂಡಿಸಿ, ಅರ್ಧ ಗಂಟೆಯೊಳಗೆ ತಲುಪುವ ಜಾಗಕ್ಕೆಲ್ಲ ಬಣ್ಣ ಬಳಿಯಬಹುದು. ಆ ಬಣ್ಣ ದುಂಡಗಿರುವುದಿಲ್ಲ. ಬಸ್ಸು ಓಡುವ ರಸ್ತೆಗುಂಟ ಬೆರಳಿನಂತೆ ಚಾಚಿರುತ್ತದೆ. ಬೆಳಿಗ್ಗೆ ಎಂಟಕ್ಕೆ ಬಣ್ಣ ಪಡೆದ ಬಡಾವಣೆ, ಬಸ್ಸು ವಿರಳವಾದ ರಾತ್ರಿ ಎಂಟಕ್ಕೆ ಬರಿದಾಗಬಹುದು.

ಆದರೆ ತುಂಬಿ ತುಳುಕುವ ಬಸ್ಸು, ದೀಪವಿಲ್ಲದ ಓಣಿ ಈ ಲೆಕ್ಕದಲ್ಲಿ ಬರುವುದಿಲ್ಲ. ಸೀಟು ಪಡೆಯುವ ಮೊದಲು ತರಗತಿಯ ಹೊತ್ತಿಗೆ ಮಗಳೊಂದಿಗೆ ಒಮ್ಮೆ ಹೋಗಿ ಬನ್ನಿ, ಸ್ಕೂಟರಿನಲ್ಲಲ್ಲ, ಬಸ್ಸಿನಲ್ಲೇ.